ಫುಲ್ ಸಿಗ್ನಲ್ ಇದ್ದರೂ ಮಾತು ಕೇಳದ ಆಸ್ಪತ್ರೆ: ಒಂದು ಐಬಿಎಸ್ ಪ್ರಕರಣ

ದೊಡ್ಡ ಕಟ್ಟಡಗಳ ಒಳಗೆ ಮೊಬೈಲ್ ಸಿಗ್ನಲ್ ಹಂಚುವ ವ್ಯವಸ್ಥೆಗೆ ನಮ್ಮ ಫೀಲ್ಡಿನಲ್ಲಿ ಐಬಿಎಸ್ (ಇನ್-ಬಿಲ್ಡಿಂಗ್ ಸೊಲ್ಯೂಷನ್) ಅಂತಾರೆ. ಮಾಲ್, ಮೆಟ್ರೋ ಸ್ಟೇಷನ್, ಐಟಿ ಪಾರ್ಕ್, ಆಸ್ಪತ್ರೆ, ಎಲ್ಲ ಕಡೆ ಸೀಲಿಂಗ್‌ನಲ್ಲಿ ಬಿಳಿ ಬಟ್ಟಲಿನ ಹಾಗೆ ಕಾಣುವ ಚಿಕ್ಕ ಆಂಟೆನಾ ನೋಡಿರುತ್ತೀರಿ, ಅದೇ. ಈ ಕೆಲಸದ ಬಗ್ಗೆ ಕನ್ನಡದಲ್ಲಿ ಯಾರೂ ಅಷ್ಟಾಗಿ ಬರೆಯುವುದಿಲ್ಲ. ಆದರೆ ಕೇಬಲ್ ಎಳೆಯುವವರು, ಕನೆಕ್ಟರ್ ಕಟ್ಟುವವರು, ಟೆಸ್ಟ್ ಮಾಡುವವರು ಬಹಳಷ್ಟು ಜನ ನಮ್ಮ ಕಡೆಯ ಹುಡುಗರೇ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ಒಂದು ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಆಸ್ಪತ್ರೆ, ಊರು, ಆಪರೇಟರ್, ಕಂಟ್ರಾಕ್ಟರ್ ಯಾರ ಹೆಸರೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಫ್ರೀಕ್ವೆನ್ಸಿ ಅಂಕಿಗಳನ್ನೂ ಬದಲಿಸಿದ್ದೇನೆ. ಆದರೆ ಬದಲಿಸಿದ ಅಂಕಿಗಳಲ್ಲೂ ಲೆಕ್ಕ ಅದೇ ರೀತಿ ಕೂರುತ್ತದೆ, ಆ ಬಗ್ಗೆ ಚಿಂತೆ ಬೇಡ.

ಕಟ್ಟಡ ಹೇಗಿತ್ತು

ಒಂದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆ. ಎರಡು ಬೇಸ್‌ಮೆಂಟ್, ಮೇಲೆ ಏಳು ಮಹಡಿ. ಮುಂಭಾಗಕ್ಕೆ ಪೂರ್ತಿ ಗಾಜು. ಆ ಗಾಜಿಗೆ ಬಿಸಿಲು ತಡೆಯುವ ತೆಳ್ಳನೆಯ ಲೋಹದ ಲೇಪನ ಇರುತ್ತದಲ್ಲ, ಅದು ಬಿಸಿಲಿನ ಜೊತೆಗೆ ಸಿಗ್ನಲ್ಲನ್ನೂ ತಡೆಯುತ್ತದೆ. ಕೆಳಗಿನ ಬೇಸ್‌ಮೆಂಟ್‌ನಲ್ಲಿ ರೇಡಿಯಾಲಜಿ ವಿಭಾಗ, ಎಕ್ಸ್‌ರೇ ಮತ್ತು ಸಿಟಿ ಕೋಣೆಗಳ ಗೋಡೆಗೆ ಸೀಸದ ಹಾಳೆ. ಹೊರಗಿನ ಟವರ್ ಎಷ್ಟೇ ಹತ್ತಿರ ಇದ್ದರೂ ಇಂಥ ಕಟ್ಟಡದ ಒಳಗೆ ಸಿಗ್ನಲ್ ಬರುವುದಿಲ್ಲ. ಹಾಗಾಗಿ ಕಟ್ಟುವಾಗಲೇ ಐಬಿಎಸ್ ಹಾಕಿಸಿದ್ದರು.

ಹಾಕಿದ್ದು ಪ್ಯಾಸಿವ್ ವ್ಯವಸ್ಥೆ. ಮೇಲಿನ ಬೇಸ್‌ಮೆಂಟ್‌ನ ಒಂದು ಕೋಣೆಯಲ್ಲಿ ಆಪರೇಟರ್‌ಗಳ ರೇಡಿಯೋ ಯೂನಿಟ್. ಅವುಗಳ ಸಿಗ್ನಲ್ ಒಂದು ಕಂಬೈನರ್‌ನಲ್ಲಿ ಸೇರುತ್ತದೆ. ಅಲ್ಲಿಂದ ಅರ್ಧ ಇಂಚಿನ ಫೀಡರ್ ಕೇಬಲ್, ದಾರಿಯಲ್ಲಿ ಸಿಗ್ನಲ್ ಪಾಲು ಮಾಡುವ ಸ್ಪ್ಲಿಟರ್ ಮತ್ತು ಕಪ್ಲರ್, ಕೊನೆಗೆ ಪ್ರತಿ ಮಹಡಿಯ ಆಂಟೆನಾ. ಮಧ್ಯದಲ್ಲಿ ಎಲ್ಲೂ ಕರೆಂಟ್ ಬೇಕಾದ ಸಾಮಾನು ಇಲ್ಲ. ಕೆಡುವಂಥದ್ದು ಏನೂ ಇಲ್ಲ ಅಂತ ಅನಿಸುತ್ತದೆ. ಆದರೆ ಇಲ್ಲಿ ಕೈಕೊಟ್ಟದ್ದು ಆ ಪ್ಯಾಸಿವ್ ಭಾಗವೇ.

ರೇಡಿಯೋ ಯೂನಿಟ್‌ನಿಂದ 20 ವಾಟ್, ಅಂದರೆ 43 ಡಿಬಿಎಂ ಹೊರಡುತ್ತದೆ. ಡಿಬಿಎಂ ಅಂದರೆ ಪವರ್ ಅಳೆಯುವ ಮಾನ, ಏರಿಳಿತವನ್ನು ಡಿಬಿಯಲ್ಲಿ ಹೇಳುತ್ತೇವೆ, 3 ಡಿಬಿ ಏರಿದರೆ ಪವರ್ ಎರಡರಷ್ಟಾಗುತ್ತದೆ. ಹಂಚಿಕೆಯಾಗುತ್ತಾ, ಕೇಬಲ್‌ನಲ್ಲಿ ಸವೆಯುತ್ತಾ ಹೋಗಿ ವಾರ್ಡ್‌ನ ಆಂಟೆನಾಗೆ ತಲುಪುವಾಗ 10ರಿಂದ 15 ಡಿಬಿಎಂ ಉಳಿದಿರುತ್ತದೆ. 10ರಿಂದ 30 ಮಿಲಿವಾಟ್ ಅಷ್ಟೆ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಎರಡು ಕಡೆ ಇದರ ಮೇಲೇ ನಿರ್ಧಾರ ನಿಂತಿತು.

ತೊಂದರೆ ಶುರುವಾದದ್ದು

ಮೊದಲು ಒಬ್ಬರೇ ಆಪರೇಟರ್ ಇದ್ದರು, ‘ಅ’ ಅಂತ ಇಟ್ಟುಕೊಳ್ಳೋಣ. ಅವರ 1800 ಮತ್ತು 2100 ಮೆಗಾಹರ್ಟ್ಸ್ ಎರಡೂ ಬ್ಯಾಂಡ್ ಇದೇ ಕೇಬಲ್‌ನಲ್ಲಿ ಹರಿಯುತ್ತಿತ್ತು. ದೂರು ಬಹಳ ಕಮ್ಮಿ. ಆಮೇಲೆ ಎರಡನೇ ಆಪರೇಟರ್ ‘ಬ’ ಬಂದರು, 1800 ಬ್ಯಾಂಡ್ ಸೇರಿಸಿದರು. ಅದಾಗಿ ಸ್ವಲ್ಪ ದಿನಕ್ಕೇ ಎರಡೂ ಕಡೆಯವರಿಂದ ದೂರು.

ದೂರು ಏನು ಅನ್ನುವುದನ್ನು ಗಮನವಿಟ್ಟು ಕೇಳಬೇಕು. ‘ಸಿಗ್ನಲ್ ಇಲ್ಲ’ ಅಂತ ಯಾರೂ ಹೇಳಲಿಲ್ಲ. ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿವೆ. ಆದರೆ ಕಾಲ್ ಮಾಡಿದರೆ ಆ ಕಡೆಯವರು ‘ಹಲೋ, ಹಲೋ, ಕೇಳ್ತಾ ಇಲ್ಲ’ ಅಂತ ಇಟ್ಟುಬಿಡುತ್ತಾರೆ. ಮೂರನೇ ಮಹಡಿಯ ನರ್ಸಿಂಗ್ ಸ್ಟೇಷನ್‌ನ ಸಿಸ್ಟರ್ ಒಬ್ಬರು ಹೇಳಿದ್ದು ನನಗೆ ಅತಿ ಮುಖ್ಯ ಅನಿಸಿತು: "ಸರ್, ಅವರು ಮಾತಾಡೋದು ನಮಗೆ ಚೆನ್ನಾಗೇ ಕೇಳುತ್ತೆ. ನಾವು ಮಾತಾಡೋದೇ ಅವರಿಗೆ ಕೇಳಲ್ಲ. ಬ್ಲಡ್ ಬ್ಯಾಂಕ್‌ಗೆ ಗ್ರೂಪ್ ಹೇಳೋಕೆ ಮೆಟ್ಟಿಲ ಹತ್ರ ಕಿಟಕಿಗೆ ಓಡಬೇಕು."

ಬ್ಲಡ್ ಗ್ರೂಪ್ ಹೇಳುವಾಗ ಮಾತು ತುಂಡಾದರೆ ಏನಾಗಬಹುದು ಅಂತ ಯೋಚಿಸಿ. ಇದು ಬರೀ ಅನನುಕೂಲದ ಮಾತಲ್ಲ.

ಇನ್ನೊಂದು ವಿಷಯ, ಹೊತ್ತು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ತನಕ, ಓಪಿಡಿ ತುಂಬಿ ತುಳುಕುವಾಗ ತೊಂದರೆ ಜಾಸ್ತಿ. ಬಿಲ್ಲಿಂಗ್ ಕೌಂಟರ್‌ನಲ್ಲಿ ಯುಪಿಐ ಸುತ್ತುತ್ತಲೇ ಇರುತ್ತದೆ, ಜನ ಹಿಂದೆ ಸಾಲುಗಟ್ಟುತ್ತಾರೆ. ರಾತ್ರಿ ಹನ್ನೊಂದರ ಮೇಲೆ ಎಲ್ಲ ಸರಿ. ನೈಟ್ ಡ್ಯೂಟಿಯವರಿಗೆ ಕೇಳಿದರೆ ‘ನಮಗೇನೂ ತೊಂದರೆ ಇಲ್ವಲ್ಲ’ ಅನ್ನುತ್ತಿದ್ದರು.

ಆಪರೇಟರ್ ‘ಅ’ ಕಡೆಯವರು ‘ಅವರು ಬಂದ ಮೇಲೆ ನಮ್ಮ ನೆಟ್‌ವರ್ಕ್ ಹಾಳಾಯಿತು’ ಅಂದರು. ‘ಬ’ ಕಡೆಯವರು ‘ನಮ್ಮ ಯೂನಿಟ್ ಹೊಸದು, ತೊಂದರೆ ಹಳೇ ಕೇಬಲ್‌ನಲ್ಲಿ’ ಅಂದರು. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಇತ್ತು. ಆದರೆ ಅದು ಗೊತ್ತಾಗುವುದಕ್ಕೆ ಬಹಳ ದಾರಿ ಸುತ್ತಬೇಕಾಯಿತು. ಕಟ್ಟಡದ ಒಳಗಿನ ವ್ಯವಸ್ಥೆ ನೋಡಿಕೊಳ್ಳುವ ಕಂಪನಿ ಕರೆದ ಮೇಲೆ ನಾನು ಈ ಕೆಲಸಕ್ಕೆ ಸೇರಿದೆ.

ಅಷ್ಟರಲ್ಲಿ ಮಾಡಿ ನೋಡಿದ್ದು

ವಾಕ್ ಟೆಸ್ಟ್ ಆಗಿತ್ತು. ಟೆಸ್ಟ್ ಫೋನ್ ಹಿಡಿದು ಪ್ರತಿ ಮಹಡಿ ಸುತ್ತಿದ್ದರು. ಆರ್‌ಎಸ್‌ಆರ್‌ಪಿ (ಫೋನಿಗೆ ಬರುವ ಸಿಗ್ನಲ್‌ನ ಬಲ) ಎಲ್ಲ ಕಡೆ ಮೈನಸ್ 75ರಿಂದ ಮೈನಸ್ 85 ಡಿಬಿಎಂ, ಅಂದರೆ ಬಹಳ ಚೆನ್ನಾಗಿದೆ. ನಕ್ಷೆ ಪೂರ್ತಿ ಹಸಿರು. ಆ ರಿಪೋರ್ಟ್ ನೋಡಿ ‘ನೆಟ್‌ವರ್ಕ್ ಸರಿ ಇದೆ, ಹ್ಯಾಂಡ್‌ಸೆಟ್ ತೊಂದರೆ ಇರಬೇಕು’ ಅಂತ ಟಿಕೆಟ್ ಮುಚ್ಚಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಅಳತೆಗಳೆಲ್ಲ ಡೌನ್‌ಲಿಂಕ್‌ಗೆ ಸೇರಿದವು, ಅಂದರೆ ಆಂಟೆನಾದಿಂದ ಫೋನಿಗೆ ಬರುವ ದಾರಿಯವು. ಫೋನಿನಿಂದ ವಾಪಸ್ ಹೋಗುವ ಅಪ್‌ಲಿಂಕ್ ಹೇಗಿದೆ ಅಂತ ಅವು ಹೇಳುವುದೇ ಇಲ್ಲ. ಜಾತ್ರೆಯಲ್ಲಿ ಮೈಕ್ ಹಿಡಿದವನ ಮಾತು ಇಡೀ ಊರಿಗೆ ಕೇಳುತ್ತದೆ, ಆದರೆ ಅವನ ಕಿವಿಯ ಹತ್ತಿರವೇ ತಮಟೆ ಬಾರಿಸುತ್ತಿದ್ದರೆ ಗುಂಪಿನಲ್ಲಿ ನಿಂತು ನೀವು ಕೂಗಿದ್ದು ಅವನಿಗೆ ಕೇಳಲ್ಲ, ಅಲ್ವಾ? ಇಲ್ಲಿ ಆಗುತ್ತಿದ್ದದ್ದು ಅದೇ. ಫೋನಿನ ಕಡ್ಡಿಗಳು ಮೈಕ್ ಎಷ್ಟು ಜೋರಾಗಿದೆ ಅಂತ ಮಾತ್ರ ತೋರಿಸುತ್ತವೆ. ತಮಟೆಯ ಲೆಕ್ಕ ಅವುಗಳಲ್ಲಿ ಇಲ್ಲ.

ಟಿಕೆಟ್ ಮುಚ್ಚಿದರೂ ದೂರು ನಿಲ್ಲಲಿಲ್ಲ. ಆಗ ಆಪ್ಟಿಮೈಸೇಷನ್ ಟೀಮ್‌ನವರು ಎರಡೂ ಯೂನಿಟ್‌ಗಳ ಪವರ್ ಅನ್ನು 3 ಡಿಬಿ ಏರಿಸಿದರು. ಮಾರನೇ ದಿನ ಓಪಿಡಿ ಹೊತ್ತಿಗೆ ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಆಸ್ಪತ್ರೆಯವರು ರೇಗಿದರು, ಸಹಜ. ಆದರೆ ಇಡೀ ಪ್ರಕರಣದಲ್ಲಿ ಸಿಕ್ಕ ಮೊದಲ ನಿಜವಾದ ಸುಳಿವು ಅದೇ. ಪವರ್ ಏರಿಸಿದರೆ ಅಪ್‌ಲಿಂಕ್ ಹಾಳಾಗುತ್ತದೆ ಅಂದರೆ ಗದ್ದಲ ಹುಟ್ಟುವುದು ನಮ್ಮದೇ ಪವರ್‌ನಿಂದ.

ಅದಕ್ಕೂ ಮೊದಲು ಅಕ್ಕಪಕ್ಕದಲ್ಲಿ ಯಾರೋ ಬೂಸ್ಟರ್ ಇಟ್ಟಿರಬೇಕು ಅನ್ನುವ ಅನುಮಾನ ಇತ್ತು. ಇದು ಅಸಾಧ್ಯವಾದ ಮಾತಲ್ಲ. ಲಾಡ್ಜ್, ಹಾಸ್ಟೆಲ್, ಬೇಸ್‌ಮೆಂಟ್ ಅಂಗಡಿಗಳಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಬೂಸ್ಟರ್ ಇಡುತ್ತಾರೆ. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ. ದಿಕ್ಕು ತೋರಿಸುವ ಆಂಟೆನಾ ಮತ್ತು ಸ್ಪೆಕ್ಟ್ರಮ್ ಅನಲೈಸರ್ ಹಿಡಿದು ಸುತ್ತಮುತ್ತಲಿನ ಬೀದಿಗಳನ್ನು ನೋಡಿದ್ದಾಯಿತು, ಅಂಥದ್ದೇನೂ ಸಿಗಲಿಲ್ಲ. ಬೂಸ್ಟರ್ ಇದ್ದಿದ್ದರೂ ಅದರ ಗದ್ದಲ ಸಾಮಾನ್ಯವಾಗಿ ಹಗಲು ರಾತ್ರಿ ಎರಡೂ ಹೊತ್ತು ಇರುತ್ತದೆ. ಓಪಿಡಿ ಮುಗಿದ ಮೇಲೆ ತಾನೇ ತಣ್ಣಗಾಗುವುದಿಲ್ಲ.

ಕೇಬಲ್‌ಗಳ ವಿಎಸ್‌ಡಬ್ಲ್ಯುಆರ್ ಟೆಸ್ಟ್ (ಕಳಿಸಿದ ಸಿಗ್ನಲ್‌ನಲ್ಲಿ ಎಷ್ಟು ವಾಪಸ್ ಬರುತ್ತದೆ ಅಂತ ನೋಡುವುದು) ಕೂಡ ಮತ್ತೆ ಮಾಡಿಸಿದ್ದರು. ಎಲ್ಲ ಲೈನೂ 1.3ರ ಒಳಗೆ, ಪಾಸ್. ಹಾಗಾಗಿ ‘ಕೇಬಲ್ ಸರಿ ಇದೆ’ ಅಂತ ಕಂಟ್ರಾಕ್ಟರ್ ಗಟ್ಟಿಯಾಗಿ ವಾದಿಸಿದರು.

ಲೆಕ್ಕ ಏನು ಹೇಳಿತು

ಮೊದಲು ಕೂತು ಫ್ರೀಕ್ವೆನ್ಸಿ ಲೆಕ್ಕ ಹಾಕಿದೆವು. ಎರಡು ಬಲವಾದ ಸಿಗ್ನಲ್ ಒಂದೇ ಕೇಬಲ್‌ನಲ್ಲಿ ಹೋಗುವಾಗ ಎಲ್ಲಾದರೂ ಲೋಹ ಲೋಹಕ್ಕೆ ಸರಿಯಾಗಿ ಕಚ್ಚಿಕೊಂಡಿರದಿದ್ದರೆ, ಮಧ್ಯೆ ತುಕ್ಕು ಅಥವಾ ಲೋಹದ ಚೂರು ಇದ್ದರೆ, ಆ ಜಾಗದಲ್ಲಿ ಎರಡೂ ಬೆರೆತು ಹೊಸ ಸಿಗ್ನಲ್ ಹುಟ್ಟುತ್ತದೆ. ಇದಕ್ಕೆ ಪಿಐಎಂ ಅಂತಾರೆ, ಬಾಯಲ್ಲಿ ‘ಪಿಮ್’. ಹೊಸದಾಗಿ ಹುಟ್ಟಿದ್ದು ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಸುಲಭ ಸೂತ್ರ ಇದೆ: ಒಂದರ ಎರಡರಷ್ಟರಿಂದ ಇನ್ನೊಂದನ್ನು ಕಳೆಯುವುದು.

‘ಅ’ದ 1800 ಡೌನ್‌ಲಿಂಕ್ 1815 ಮೆಗಾಹರ್ಟ್ಸ್, ‘ಬ’ದ್ದು 1865 ಅಂತ ಇಟ್ಟುಕೊಳ್ಳಿ. 1815ರ ಎರಡರಷ್ಟು 3630, ಅದರಲ್ಲಿ 1865 ಕಳೆದರೆ 1765. ಇನ್ನೊಂದು ಕಡೆಯಿಂದ, 1865ರ ಎರಡರಷ್ಟು 3730, ಅದರಲ್ಲಿ 1815 ಕಳೆದರೆ 1915. ಒಂದೊಂದು ಕ್ಯಾರಿಯರ್, ಅಂದರೆ ಆಪರೇಟರ್ ಕಳಿಸುವ ಒಂದು ಸಿಗ್ನಲ್, 10 ಮೆಗಾಹರ್ಟ್ಸ್ ಅಗಲ ಇದ್ದರೆ ಪಿಮ್ ಅದರ ಮೂರರಷ್ಟು ಹರಡುತ್ತದೆ. ಅಂದರೆ 1750ರಿಂದ 1780, ಮತ್ತು 1900ರಿಂದ 1930.

ಈಗ ನೋಡಿ. 1800 ಬ್ಯಾಂಡ್‌ನಲ್ಲಿ ಅಪ್‌ಲಿಂಕ್ ಇರುವುದು ಡೌನ್‌ಲಿಂಕ್‌ಗಿಂತ 95 ಮೆಗಾಹರ್ಟ್ಸ್ ಕೆಳಗೆ. ‘ಬ’ದ ಅಪ್‌ಲಿಂಕ್ 1770. ಮೊದಲ ಪಿಮ್ ಅದರ ಮೇಲೇ ಕೂತಿದೆ. 2100 ಬ್ಯಾಂಡ್‌ನ ಅಪ್‌ಲಿಂಕ್ 1920ರಿಂದ ಶುರು. ಎರಡನೇ ಪಿಮ್ ಅದರ ಮೊದಲ 10 ಮೆಗಾಹರ್ಟ್ಸ್ ಮೇಲೆ ಬಿತ್ತು, ಅಲ್ಲಿದ್ದದ್ದು ‘ಅ’ದ 2100. ‘ಬ’ ಬಂದ ಮೇಲೇ ‘ಅ’ಗೆ ತೊಂದರೆ ಯಾಕೆ, ಹೊಸ ಯೂನಿಟ್ ಇದ್ದರೂ ‘ಬ’ಗೆ ತೊಂದರೆ ಯಾಕೆ, ಎರಡಕ್ಕೂ ಉತ್ತರ ಒಂದೇ ಕಾಗದದಲ್ಲಿ ಸಿಕ್ಕಿತು. ಇಬ್ಬರ ಯೂನಿಟ್‌ನಲ್ಲೂ ದೋಷ ಇಲ್ಲ. ಇಬ್ಬರೂ ಕೂಡಿದ ಜಾಗದಲ್ಲಿ ದೋಷ.

ಆದರೆ ಕಾಗದದ ಲೆಕ್ಕವನ್ನು ಆಪರೇಟರ್‌ಗಳು ಒಪ್ಪುವುದಿಲ್ಲ. ಸಾಕ್ಷಿ ಬೇಕು.

ರಾತ್ರಿ ಎರಡು ಗಂಟೆಯ ಪರೀಕ್ಷೆ

ರೇಡಿಯೋ ಯೂನಿಟ್‌ನಲ್ಲಿ ಸುಳ್ಳು ಲೋಡ್ ಹಾಕುವ ಸೌಲಭ್ಯ ಇರುತ್ತದೆ. ಫೋನ್‌ಗಳೇ ಇಲ್ಲದಿದ್ದರೂ ತುಂಬಾ ಜನ ಬಳಸುತ್ತಿರುವಷ್ಟೇ ಪವರ್ ಹೊರಬಿಡುತ್ತದೆ. ಎರಡೂ ಆಪರೇಟರ್‌ಗಳ ಎಂಜಿನಿಯರ್‌ಗಳನ್ನು ಒಂದೇ ಕಾನ್ಫರೆನ್ಸ್ ಕಾಲ್‌ನಲ್ಲಿ ಕೂರಿಸಿ, ಆಸ್ಪತ್ರೆ ತಣ್ಣಗಿರುವ ಹೊತ್ತಿನಲ್ಲಿ ಪರೀಕ್ಷೆ ಮಾಡಿದೆವು.

ಲೋಡ್ ಇಲ್ಲದಾಗ ಅಪ್‌ಲಿಂಕ್ ಗದ್ದಲ ಪ್ರತಿ ರಿಸೋರ್ಸ್ ಬ್ಲಾಕ್‌ಗೆ (ಕ್ಯಾರಿಯರ್‌ನ ಒಂದು ಚಿಕ್ಕ ತುಂಡು) ಮೈನಸ್ 118 ಡಿಬಿಎಂ ಆಸುಪಾಸು, ಇರಬೇಕಾದಷ್ಟೇ. ‘ಅ’ ಒಬ್ಬರದ್ದೇ ಲೋಡ್ ಹಾಕಿದಾಗ ಅಲುಗಾಡಲಿಲ್ಲ. ‘ಬ’ ಒಬ್ಬರದ್ದೇ ಹಾಕಿದಾಗಲೂ ಇಲ್ಲ. ಎರಡನ್ನೂ ಒಟ್ಟಿಗೆ ಹಾಕಿದ ಕ್ಷಣ ಮೈನಸ್ 103ಕ್ಕೆ ಏರಿತು. ಸುಮಾರು 15 ಡಿಬಿ. ಕಾಲ್‌ನಲ್ಲಿದ್ದ ಎಲ್ಲರೂ ತಮ್ಮ ತಮ್ಮ ಸ್ಕ್ರೀನ್ ಮೇಲೆ ಅದನ್ನೇ ನೋಡಿದರು. ಅದಾದ ಮೇಲೆ ಒಬ್ಬರ ಮೇಲೊಬ್ಬರು ದೂರುವುದು ನಿಂತಿತು.

ಇನ್ನೊಂದು ಪರೀಕ್ಷೆಯನ್ನೂ ಅದೇ ರಾತ್ರಿ ಮಾಡಿದೆವು. ಎರಡೂ ಯೂನಿಟ್‌ನ ಪವರ್ 1 ಡಿಬಿ ಇಳಿಸಿದರೆ ಗದ್ದಲ ಎಷ್ಟು ಇಳಿಯುತ್ತದೆ? ಹೊರಗಿನ ಗದ್ದಲವಾಗಿದ್ದರೆ ಇಳಿಯುವುದೇ ಇಲ್ಲ. ಪಿಮ್ ಆಗಿದ್ದರೆ ಲೆಕ್ಕದ ಪ್ರಕಾರ 3 ಡಿಬಿ, ಫೀಲ್ಡಿನಲ್ಲಿ ಸಾಮಾನ್ಯವಾಗಿ ಎರಡೂವರೆಯ ಹತ್ತಿರ ಇಳಿಯಬೇಕು. ಇಳಿದದ್ದು ಎರಡೂವರೆ.

ಪವರ್ ಇಳಿಸುವ ನಿರ್ಧಾರ

ಕಾರಣ ಗೊತ್ತಾಯಿತು, ಜಾಗ ಗೊತ್ತಿಲ್ಲ. ಹುಡುಕುವುದಕ್ಕೆ ದಿನಗಳು ಬೇಕು. ಅಲ್ಲಿಯ ತನಕ ಆಸ್ಪತ್ರೆ ಏನು ಮಾಡಬೇಕು?

ಒಂದು ದಾರಿ, ‘ಬ’ ಆಪರೇಟರ್ ಅನ್ನು ಆಫ್ ಮಾಡುವುದು. ಗದ್ದಲ ತಕ್ಷಣ ನಿಲ್ಲುತ್ತದೆ. ಆದರೆ ಡಾಕ್ಟರ್‌ಗಳ ಗ್ರೂಪ್ ನಂಬರ್‌ಗಳೆಲ್ಲ ‘ಬ’ದಲ್ಲಿದ್ದವು. ‘ಅ’ ಆಫ್ ಮಾಡೋಣ ಅಂದರೆ ಬ್ಲಡ್ ಬ್ಯಾಂಕ್ ಮತ್ತು ಆಂಬ್ಯುಲೆನ್ಸ್ ಡೆಸ್ಕ್ ಅದರಲ್ಲಿ. ಯಾವುದನ್ನೂ ಮುಟ್ಟುವ ಹಾಗಿಲ್ಲ.

ನಾವು ಹೇಳಿದ ದಾರಿ ಬೇರೆ. ಏರಿಸಿದ್ದ 3 ಡಿಬಿ ವಾಪಸ್ ತೆಗೆಯುವುದು, ಅದರ ಮೇಲೆ ಇನ್ನೂ 3 ಡಿಬಿ ಇಳಿಸುವುದು. ಫೆಸಿಲಿಟಿ ಮ್ಯಾನೇಜರ್‌ಗೆ ಇದನ್ನು ಹೇಳಿದಾಗ ಅವರು ನಂಬಲೇ ಇಲ್ಲ. "ಜನ ಫೋನ್ ಕೇಳಲ್ಲ ಅಂತ ಬಯ್ತಾ ಇದಾರೆ, ನೀವು ಸಿಗ್ನಲ್ ಕಮ್ಮಿ ಮಾಡ್ತೀನಿ ಅಂತೀರಲ್ಲ ಸರ್?" ಅಂತ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕ ಬಿಡಿಸಿ ಹೇಳಿದೆವು. ಈಗ ಮೈನಸ್ 80 ಇರುವ ಕಡೆ ಒಟ್ಟು 6 ಡಿಬಿ ಇಳಿಸಿದರೆ ಮೈನಸ್ 86 ಆಗುತ್ತದೆ, ಅದೂ ಚೆನ್ನಾಗಿರುವ ಸಿಗ್ನಲ್ಲೇ, ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. ಆದರೆ ಗದ್ದಲ ಅದರ ಎರಡೂವರೆಯಷ್ಟು ಇಳಿಯುತ್ತದೆ. ಕೊನೆಗೆ ಅವರು, ಒಂದು ದಿನ ನೋಡೋಣ, ಸರಿ ಹೋಗದಿದ್ದರೆ ಹಳೆಯ ಹಾಗೆ ಮಾಡಿ ಅಂದರು.

ಮಾರನೇ ದಿನ ಓಪಿಡಿ ಹೊತ್ತಿನಲ್ಲಿ ಕಾಲ್‌ಗಳು ತುಂಡಾಗದೆ ನಡೆಯತೊಡಗಿದವು. ಪೂರ್ತಿ ಸರಿಯಾಯಿತು ಅಂತಲ್ಲ, ತೀರಾ ರಶ್ ಇದ್ದಾಗ ಕೆಲವು ಕಡೆ ಇನ್ನೂ ತುಂಡಾಗುತ್ತಿತ್ತು. ಆದರೆ ಕಿಟಕಿಗೆ ಓಡುವುದು ತಪ್ಪಿತು. ಇದು ಸಿಕ್ಕಿದ್ದರಿಂದಲೇ ನಮಗೆ ಸಮಾಧಾನವಾಗಿ ಹುಡುಕುವುದಕ್ಕೆ ಸಮಯ ಸಿಕ್ಕಿತು. ಅವಸರದಲ್ಲಿ ಹುಡುಕಿದ್ದರೆ ಖಂಡಿತ ಎಲ್ಲ ಸೀಲಿಂಗ್ ಬಿಚ್ಚಿಸುತ್ತಿದ್ದರು.

ಎಲ್ಲಿಂದ ಹುಡುಕಬೇಕು

ಎಲ್ಲ ಮಹಡಿಗಳ ಫಾಲ್ಸ್ ಸೀಲಿಂಗ್ ತೆಗೆದು ಒಂದೊಂದೇ ಕನೆಕ್ಟರ್ ಬದಲಿಸುವ ಪ್ರಸ್ತಾಪವೂ ನಿಜವಾಗಿ ಬಂದಿತ್ತು. ಆಸ್ಪತ್ರೆಯಲ್ಲಿ ಇದು ಸಣ್ಣ ಮಾತಲ್ಲ. ಸೀಲಿಂಗ್ ಮೇಲೆ ವರ್ಷಗಟ್ಟಲೆ ಕೂತ ಧೂಳಿನಲ್ಲಿ ಬೂಷ್ಟಿನ ಕಣಗಳಿರುತ್ತವೆ. ಐಸಿಯು, ಆಪರೇಷನ್ ಥಿಯೇಟರ್, ಕೀಮೋ ತೆಗೆದುಕೊಳ್ಳುವವರ ವಾರ್ಡ್‌ಗಳ ಹತ್ತಿರ ಅದನ್ನು ಕೆದಕಿದರೆ ರೋಗಿಗಳಿಗೆ ಅಪಾಯ. ಸೋಂಕು ತಡೆ ಸಮಿತಿಯವರು ಖಡಾಖಂಡಿತವಾಗಿ, ಕಾರಣ ತೋರಿಸದೆ ಒಂದು ಟೈಲ್ ಕೂಡ ಎತ್ತಬಾರದು ಅಂದರು. ಅವರು ಹಾಗೆ ಅಡ್ಡ ನಿಂತದ್ದು ಒಳ್ಳೆಯದೇ ಆಯಿತು.

ಯಾಕೆಂದರೆ ಪಿಮ್‌ನ ಸ್ವಭಾವವೇ ಹಾಗೆ, ಅದು ಪವರ್ ಇರುವ ಕಡೆ ಹುಟ್ಟುತ್ತದೆ. ಕಂಬೈನರ್ ಹತ್ತಿರ 43 ಡಿಬಿಎಂ ಇರುತ್ತದೆ. ಕವಲೊಡೆದು ಹೋಗಿ 20 ಡಿಬಿ ಇಳಿದ ಜಾಗದಲ್ಲಿ ಅಷ್ಟೇ ಕೆಟ್ಟ ಕನೆಕ್ಟರ್ ಇದ್ದರೂ ಹುಟ್ಟುವ ಪಿಮ್ 50 ಡಿಬಿ ಕಮ್ಮಿ. ಅದು ವಾಪಸ್ ಬರುವಾಗ ಇನ್ನೂ 20 ಡಿಬಿ ಸವೆಯುತ್ತದೆ. ಒಟ್ಟು 70 ಡಿಬಿ. ವಾರ್ಡ್ ಸೀಲಿಂಗ್‌ನ ಆಂಟೆನಾ ಕನೆಕ್ಟರ್ ಎಷ್ಟೇ ಕೆಟ್ಟಿದ್ದರೂ ಈ ಮಟ್ಟದ ಗದ್ದಲ ಎಬ್ಬಿಸಲಾರದು. ಹಾಗಾಗಿ ಬೇಸ್‌ಮೆಂಟ್ ಕೋಣೆಯಿಂದ ಹೊರಟು ಮೊದಲ ಎರಡು ಹಂತದ ಸ್ಪ್ಲಿಟರ್‌ವರೆಗೆ ಮಾತ್ರ ನೋಡೋಣ, ಅಲ್ಲಿ ಸಿಗದಿದ್ದರೆ ಮಾತ್ರ ಮೇಲೆ ಹೋಗೋಣ ಅಂತ ತೀರ್ಮಾನಿಸಿದೆವು. ನನ್ನ ಪ್ರಕಾರ ಇಡೀ ಪ್ರಕರಣದ ಅತಿ ದೊಡ್ಡ ತಿರುವು ಇದು.

ಪಿಮ್ ಟೆಸ್ಟರ್ ಅನ್ನು ಬೆಂಗಳೂರಿನಿಂದ ಬಾಡಿಗೆಗೆ ತರಿಸಿದೆವು. ಅದು ತಾನೇ 20 ವಾಟ್‌ನ ಎರಡು ಸಿಗ್ನಲ್ ಕಳಿಸಿ ವಾಪಸ್ ಬರುವ ಗದ್ದಲ ಅಳೆಯುತ್ತದೆ. ಲೈನನ್ನು ಅರ್ಧರ್ಧ ಭಾಗವಾಗಿ ಬಿಡಿಸಿ ಅಳೆಯುತ್ತಾ ಹೋಗುವಾಗ ತುದಿ ಮುಚ್ಚಲು ಹಾಕುವ ಲೋಡ್, ಅಂದರೆ ಟರ್ಮಿನೇಷನ್, ಬಗ್ಗೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಟರ್ಮಿನೇಷನ್ ಹಾಕಿದರೆ ಅದೇ ಪಿಮ್ ಎಬ್ಬಿಸುತ್ತದೆ, ಇಡೀ ದಿನ ಇಲ್ಲದ ದೋಷದ ಹಿಂದೆ ಓಡುತ್ತೀರಿ. ಲೋ ಪಿಮ್ ಲೋಡ್ ಬೇಕು.

ಮೂರು ಮುಖ್ಯ ಲೈನ್‌ಗಳಲ್ಲಿ ಎರಡು ಚೊಕ್ಕ ಇದ್ದವು. ಮೂರನೆಯದರಲ್ಲಿ ಅಳತೆ ಕುಣಿಯುತ್ತಿತ್ತು. ಜೊತೆಗಿದ್ದ ರಿಗ್ಗರ್ ಹುಡುಗ ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಒಂದೊಂದೇ ಕನೆಕ್ಟರ್‌ಗೆ ಮೆಲ್ಲಗೆ ತಟ್ಟುತ್ತಾ ಬಂದ. ಕಂಬೈನರ್‌ನಿಂದ ಮೊದಲ ಸ್ಪ್ಲಿಟರ್‌ಗೆ ಹೋಗುವ ಜಂಪರ್ (ಜೋಡಿಸುವ ತುಂಡು ಕೇಬಲ್) ಮುಟ್ಟಿದ ಕೂಡಲೇ ಅಂಕಿ ಒಂದೇ ಏಟಿಗೆ ಜಿಗಿಯಿತು. "ಸರ್, ಇದೇ. ಕೈ ಇಟ್ರೂ ಸಾಕು, ಓಡ್ತಾ ಇದೆ ನೋಡಿ" ಅಂದ.

ಬಿಚ್ಚಿದೆವು. ಮೊದಲು ಕಂಡದ್ದು, ಸ್ಪ್ಯಾನರ್ ಬೇಕಾಗಲೇ ಇಲ್ಲ, ಕೈಯಲ್ಲೇ ತಿರುಗಿತು. ಕೈಯಲ್ಲಿ ಬಿಗಿಮಾಡಿ ಹಾಗೇ ಬಿಟ್ಟಿದ್ದರು. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಬಿಳಿ ಫೋಮ್ ಮೇಲೆ ತಾಮ್ರದ ಪುಡಿ ಮಿನುಗುತ್ತಿತ್ತು, ಸಣ್ಣ ಸಣ್ಣ ಚೂರುಗಳು ಫೋಮ್‌ಗೆ ಚುಚ್ಚಿಕೊಂಡಿದ್ದವು. ಹೊರ ತಾಮ್ರದ ಅಂಚು ಗರಗಸದ ಹಲ್ಲಿನ ಹಾಗೆ ಒರಟು. ಒಳಗಿನ ಕಂಡಕ್ಟರ್ ನೇರವಾಗಿ ಅಲ್ಲ, ಓರೆಯಾಗಿ ಕತ್ತರಿಸಿತ್ತು. ಫೀಡರ್ ಕೇಬಲ್ ಕತ್ತರಿಸುವುದಕ್ಕೆ ಅಂತಲೇ ಒಂದು ಟೂಲ್ ಇದೆ. ಅದನ್ನು ಬಿಟ್ಟು ಹ್ಯಾಕ್ಸಾ ಬ್ಲೇಡ್‌ನಲ್ಲಿ ಕುಯ್ದಿದ್ದು ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ವಿಎಸ್‌ಡಬ್ಲ್ಯುಆರ್ ಟೆಸ್ಟ್ ಇದನ್ನು ಹಿಡಿಯಲಿಲ್ಲ, ಹಿಡಿಯುವುದೂ ಇಲ್ಲ. ಅದು ಕಡಿಮೆ ಪವರ್‌ನಲ್ಲಿ ಎಷ್ಟು ಸಿಗ್ನಲ್ ವಾಪಸ್ ಬರುತ್ತದೆ ಅಂತ ನೋಡುತ್ತದೆ ಅಷ್ಟೆ. ಪುಡಿ ಇದ್ದರೂ ಸಿಗ್ನಲ್ ದಾಟಿ ಹೋಗುತ್ತದೆ, ಹಾಗಾಗಿ ಪಾಸ್.

ಆ ಕೋಣೆಯಲ್ಲಿದ್ದ ಎಲ್ಲ ಕನೆಕ್ಟರ್‌ಗಳನ್ನೂ ಕತ್ತರಿಸಿ ಹೊಸದಾಗಿ ಕಟ್ಟಿದೆವು. ಕೇಬಲ್‌ನ ತುದಿಯನ್ನು ಕೆಳಮುಖ ಹಿಡಿದು ಟೂಲ್‌ನಲ್ಲಿ ಕತ್ತರಿಸುವುದು, ಪುಡಿ ಒಳಗೆ ಬೀಳದ ಹಾಗೆ. ಆಲ್ಕೋಹಾಲ್ ವೈಪ್‌ನಲ್ಲಿ ಒರೆಸುವುದು. ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡುವುದು, ಡಿನ್ ಕನೆಕ್ಟರ್‌ಗೆ 25ರಿಂದ 30 ನ್ಯೂಟನ್ ಮೀಟರ್. ಅಡಾಪ್ಟರ್ ಮೇಲೆ ಅಡಾಪ್ಟರ್ ಹಾಕಿದ್ದ ಕಡೆ ಅವನ್ನೆಲ್ಲ ತೆಗೆದು ಸರಿಯಾದ ಜಂಪರ್ ಹಾಕಿದೆವು, ಯಾಕೆಂದರೆ ಒಂದೊಂದು ಅಡಾಪ್ಟರ್ ಅಂದರೆ ಇನ್ನೆರಡು ಕೂಡು ಜಾಗ.

ಆದರೂ ಸ್ವಲ್ಪ ಉಳಿಯಿತು

ಹಳೇ ಪವರ್‌ಗೆ ತಂದು ರಾತ್ರಿ ಮತ್ತೆ ಲೋಡ್ ಹಾಕಿದಾಗ ಗದ್ದಲ ಮೈನಸ್ 112. ಬಹಳ ಸುಧಾರಣೆ, ಆದರೆ ಪೂರ್ತಿ ಅಲ್ಲ. ಇಷ್ಟು ಸಾಕು ಅಂತ ಕೆಲವರು ಹೇಳಿದರು. ಮೂರನೇ ಆಪರೇಟರ್ ಬರುವ ಮಾತುಕತೆ ಆಗಲೇ ನಡೆಯುತ್ತಿತ್ತು, ಇನ್ನೊಂದು ಕ್ಯಾರಿಯರ್ ಸೇರಿದರೆ ಬೆರಕೆಗಳು ಇನ್ನೂ ಹೆಚ್ಚಾಗುತ್ತವೆ. ಹಾಗಾಗಿ ಹುಡುಕಾಟ ನಿಲ್ಲಿಸಲಿಲ್ಲ.

ಕೇಬಲ್‌ಗಳೆಲ್ಲ ಚೊಕ್ಕ. ಒಂದೊಂದೇ ಲೈನ್ ಬಿಚ್ಚುತ್ತಾ ಹೋದಾಗ, ಪಾರ್ಕಿಂಗ್‌ನಲ್ಲಿದ್ದ ಒಂದು ಪ್ಯಾನೆಲ್ ಆಂಟೆನಾ ಕಳಚಿದರೆ ಮಾತ್ರ ಗದ್ದಲ ಹೋಗುತ್ತಿತ್ತು. ಆಂಟೆನಾ ಬದಲಿಸಿದರೂ ಅದೇ ಕಥೆ. ಆ ಆಂಟೆನಾ ಮೊದಲ ಹಂತದಲ್ಲೇ ಕವಲೊಡೆದದ್ದು, ಬೇರೆಯವುಗಳಿಗಿಂತ ಅದಕ್ಕೆ ಎಷ್ಟೋ ಪಟ್ಟು ಪವರ್ ಹೋಗುತ್ತಿತ್ತು. ಅದರ ಮುಂದೆ ಎರಡಡಿ ದೂರದಲ್ಲಿ ಕರೆಂಟ್ ಕೇಬಲ್‌ಗಳ ಜಿಐ ಟ್ರೇ, ಬೇಸ್‌ಮೆಂಟ್‌ನ ತೇವಕ್ಕೆ ತುಕ್ಕು ಹಿಡಿದದ್ದು, ಒಂದು ಜಾಯಿಂಟ್‌ನಲ್ಲಿ ನಟ್ಟು ಸಡಿಲ. ಆಂಟೆನಾದಿಂದ ಹೊರಟ ಸಿಗ್ನಲ್ ಆ ತುಕ್ಕಿನ ಜಾಯಿಂಟ್‌ಗೆ ಬಡಿದು ಪಿಮ್ ಆಗಿ ಅದೇ ಆಂಟೆನಾದಿಂದ ವಾಪಸ್ ಬರುತ್ತಿತ್ತು. ನಮ್ಮ ಸಾಮಾನಿನಲ್ಲಿ ಯಾವ ದೋಷವೂ ಇಲ್ಲದೆ ಬರುವ ಪಿಮ್ ಇದು.

ಆಂಟೆನಾವನ್ನು ಎದುರಿನ ಕಂಬಕ್ಕೆ ಸರಿಸಿ ಮುಖ ಖಾಲಿ ಜಾಗದ ಕಡೆ ತಿರುಗಿಸಿದೆವು. ಕಪ್ಲರ್ ಬದಲಿಸಿ ಅದಕ್ಕೆ ಹೋಗುವ ಪವರ್ ಕಡಿಮೆ ಮಾಡಿದೆವು. ಟ್ರೇ ಜಾಯಿಂಟ್ ಅನ್ನು ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಸರಿಮಾಡಿದರು. ಗದ್ದಲ ಮೈನಸ್ 117ಕ್ಕೆ ಬಂದು ನಿಂತಿತು. ಮೇಲಿನ ಮಹಡಿಗಳ ಸೀಲಿಂಗ್ ಒಂದನ್ನೂ ಬಿಚ್ಚಲಿಲ್ಲ.

ಐಸಿಯು ವಿಚಾರ

ಇದೇ ಸಮಯದಲ್ಲಿ ಇನ್ನೊಂದು ಹಳೇ ವಿಷಯವೂ ಇತ್ಯರ್ಥ ಆಯಿತು. ಐಸಿಯು ಸುತ್ತ ಆಂಟೆನಾ ಬೇಡ ಅಂತ ಡಾಕ್ಟರ್‌ಗಳು ಮೊದಲೇ ತಡೆದಿದ್ದರು, ಮೆಷಿನ್‌ಗಳಿಗೆ ತೊಂದರೆ ಆಗುತ್ತದೆ ಅನ್ನುವ ಭಯ. ಭಯ ತಪ್ಪಲ್ಲ. ಆದರೆ ಆಂಟೆನಾ ಇಲ್ಲದ ಕಡೆ ಫೋನ್ ಏನು ಮಾಡುತ್ತದೆ ನೋಡಿ. ದೂರದ ಸಿಗ್ನಲ್ ಹಿಡಿಯಲು ತನ್ನ ಪೂರ್ತಿ ಶಕ್ತಿ, ಅಂದರೆ 23 ಡಿಬಿಎಂ, 200 ಮಿಲಿವಾಟ್ ಬಿಡುತ್ತದೆ. ಅದೂ ಸಿಸ್ಟರ್ ಜೇಬಿನಲ್ಲಿ, ಮಾನಿಟರ್‌ನ ಪಕ್ಕದಲ್ಲೇ. ಸೀಲಿಂಗ್ ಆಂಟೆನಾ ಬಿಡುವುದು 10ರಿಂದ 30 ಮಿಲಿವಾಟ್, ಅದು ಹತ್ತಿರ ಇದ್ದರೆ ಫೋನ್ ತಾನಾಗಿ ತನ್ನ ದನಿ ತಗ್ಗಿಸುತ್ತದೆ. ನಮ್ಮ ದೇಶದ ವಿಕಿರಣ ಮಿತಿ 2012ರಿಂದ ಅಂತರರಾಷ್ಟ್ರೀಯ ಐಸಿಎನ್‌ಐಆರ್‌ಪಿ ಮಿತಿಯ ಹತ್ತನೇ ಒಂದು ಭಾಗ, ಸೀಲಿಂಗ್ ಆಂಟೆನಾ ಅದಕ್ಕಿಂತ ಬಹಳ ಕೆಳಗೆ ಇರುತ್ತದೆ. ಬಯೋಮೆಡಿಕಲ್ ಎಂಜಿನಿಯರ್ ಎದುರಿಗೇ ಅಳೆದು ತೋರಿಸಿದ ಮೇಲೆ ಐಸಿಯು ಹೊರಗಿನ ಕಾರಿಡಾರ್‌ನಲ್ಲಿ ಒಂದು ಆಂಟೆನಾಗೆ ಒಪ್ಪಿಗೆ ಸಿಕ್ಕಿತು. ಒಳಗೆ ಬೇಡ ಅಂದರು, ನಾವೂ ಒತ್ತಾಯ ಮಾಡಲಿಲ್ಲ, ಕಾರಿಡಾರ್‌ನದೇ ಸಾಕಾಯಿತು.

ಇದರಿಂದ ಏನು ತಿಳಿಯಿತು

ಕೆಲಸ ಒಪ್ಪಿಸಿಕೊಳ್ಳುವ ಪಟ್ಟಿಯಲ್ಲಿ ಮೊದಲು ಎರಡೇ ಟೆಸ್ಟ್ ಇದ್ದವು, ವಿಎಸ್‌ಡಬ್ಲ್ಯುಆರ್ ಮತ್ತು ವಾಕ್ ಟೆಸ್ಟ್. ಎರಡೂ ಪಾಸ್ ಆಗಿದ್ದವು, ಎರಡೂ ನಿಜವನ್ನೇ ಹೇಳಿದ್ದವು. ಕೇಳಬೇಕಾದ ಪ್ರಶ್ನೆಯನ್ನೇ ಯಾರೂ ಕೇಳಿರಲಿಲ್ಲ. ಒಬ್ಬರೇ ಆಪರೇಟರ್ ಇರುವಾಗ ಒಪ್ಪಿಸಿಕೊಂಡ ವ್ಯವಸ್ಥೆಯನ್ನು ಎರಡನೆಯವರು ಬಂದಾಗ ಮತ್ತೆ ಪರೀಕ್ಷಿಸಬೇಕು ಅನ್ನುವುದೂ ಎಲ್ಲೂ ಬರೆದಿರಲಿಲ್ಲ. ಈಗ ಆ ಕಂಪನಿಯ ಪಟ್ಟಿಯಲ್ಲಿ ಪಿಮ್ ಟೆಸ್ಟ್ ಇದೆ, ಎಲ್ಲ ಆಪರೇಟರ್‌ಗಳ ಲೋಡ್ ಒಟ್ಟಿಗೆ ಹಾಕಿ ಅಪ್‌ಲಿಂಕ್ ನೋಡುವುದೂ ಇದೆ. ಹೊಸಬರು ಬರುವ ಮೊದಲೇ ಫ್ರೀಕ್ವೆನ್ಸಿ ಲೆಕ್ಕ ಹಾಕುತ್ತಾರೆ. ಅದಕ್ಕೆ ಒಂದು ಕಾಗದ, ಒಂದು ಪೆನ್ನು ಸಾಕು.

ಕನೆಕ್ಟರ್ ಕಟ್ಟಿದ ಹುಡುಗರನ್ನು ಬಯ್ಯುವುದು ಸುಲಭ. ಅವರಿಗೆ ಕೂಲಿ ಲೆಕ್ಕ ಹಾಕುತ್ತಿದ್ದದ್ದು ಮೀಟರ್ ಕೇಬಲ್‌ಗೆ ಇಷ್ಟು, ಆಂಟೆನಾಗೆ ಇಷ್ಟು ಅಂತ. ಕತ್ತರಿಸುವ ಟೂಲ್ ಕೊಟ್ಟಿರಲಿಲ್ಲ, ಟಾರ್ಕ್ ರೆಂಚ್ ಅವರು ನೋಡಿಯೇ ಇರಲಿಲ್ಲ. ಬೇಗ ಮುಗಿಸಿದಷ್ಟೂ ದುಡ್ಡು ಅಂದರೆ ಯಾರಾದರೂ ಹ್ಯಾಕ್ಸಾನೇ ಹಿಡಿಯುತ್ತಾರೆ. ಕೂಡು ಜಾಗಕ್ಕೆ ಇಷ್ಟು ಅಂತ ಬೇರೆ ದರ ಇಟ್ಟು, ಕಟ್ಟಿದವರ ಗುರುತನ್ನು ಟ್ಯಾಗ್ ಮೇಲೆ ಬರೆಸುವ ಪದ್ಧತಿ ಆಮೇಲೆ ಬಂತು. ನನಗೆ ತೃಪ್ತಿ ಕೊಟ್ಟದ್ದು ಇದು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ದೋಷ ಹಿಡಿದ ಆ ಹುಡುಗ ಈಗ ಬೇರೆಯವರಿಗೆ ಕನೆಕ್ಟರ್ ಕಟ್ಟುವುದನ್ನು ಕಲಿಸುತ್ತಿದ್ದಾನೆ.

ಆಸ್ಪತ್ರೆ, ಕಾಲೇಜು, ಅಪಾರ್ಟ್‌ಮೆಂಟ್ ನಡೆಸುವವರಿಗೂ ಒಂದು ಮಾತು. ಕಟ್ಟಡದ ಒಳಗಿನ ನೆಟ್‌ವರ್ಕ್‌ಗೆ ರೇಟಿಂಗ್ ಕೊಡುವ ನಿಯಮವನ್ನು ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರಲ್ಲಿ ತಂದಿದೆ. ಇನ್ನು ಮೇಲೆ ಈ ಕೆಲಸ ಜಾಸ್ತಿ ಆಗುತ್ತದೆ. ನಿಮ್ಮ ಜನ ದೂರು ಹೇಳುವಾಗ ‘ಸಿಗ್ನಲ್ ಇದೆಯಾ’ ಅಂತ ಮಾತ್ರ ಕೇಳಬೇಡಿ. ಯಾರ ಮಾತು ಯಾರಿಗೆ ಕೇಳುತ್ತಿಲ್ಲ, ಯಾವ ಹೊತ್ತಿನಲ್ಲಿ, ಎಲ್ಲಿ ಅಂತ ಬರೆದಿಟ್ಟುಕೊಳ್ಳಿ. ಆ ಸಿಸ್ಟರ್ ಹೇಳಿದ ಒಂದು ವಾಕ್ಯದಲ್ಲಿ ಹಸಿರು ನಕ್ಷೆಗಿಂತ ಜಾಸ್ತಿ ಮಾಹಿತಿ ಇತ್ತು.

ಮೂರನೇ ಆಪರೇಟರ್ ಆಮೇಲೆ ಸೇರಿದರು, ಗದ್ದಲ ಏರಲಿಲ್ಲ. 5ಜಿ ಮಾತ್ರ ಈ ಕೇಬಲ್‌ಗಳಲ್ಲಿ ಹಾಕಲಿಲ್ಲ. ಇಲ್ಲಿರುವ ಸ್ಪ್ಲಿಟರ್, ಕಪ್ಲರ್, ಆಂಟೆನಾ ಎಲ್ಲ 2700 ಮೆಗಾಹರ್ಟ್ಸ್‌ವರೆಗೆ ಮಾತ್ರ ಕೆಲಸ ಮಾಡುವಂಥವು, 5ಜಿಯ 3500 ಬ್ಯಾಂಡ್ ಅವುಗಳಲ್ಲಿ ಹೋಗುವುದಿಲ್ಲ. ಹೋದರೂ ಅರ್ಧ ಇಂಚಿನ ಕೇಬಲ್‌ನಲ್ಲಿ ಆ ಫ್ರೀಕ್ವೆನ್ಸಿ ಬಹಳ ಸವೆಯುತ್ತದೆ. ಓಪಿಡಿ ಮತ್ತು ಬಿಲ್ಲಿಂಗ್ ಹಾಲ್‌ಗೆ ಫೈಬರ್ ಎಳೆದು ಬೇರೆ ಸ್ಮಾಲ್ ಸೆಲ್ (ಪುಟ್ಟ ಟವರ್‌ನಂಥ ಯೂನಿಟ್) ಹಾಕುವುದು ಅಂತ ತೀರ್ಮಾನ ಆಗಿದೆ. ಶಾಫ್ಟ್‌ನಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇವೆ.